ಪತ್ರಿಕೆಯ ಅಕ್ಷರ, ಮತದಾರನ ಬೆರಳು



2018ರ ನವೆಂಬರ್ 1, ಗುರುವಾರ. ನಾಡಿನಾದ್ಯಂತ ರಾಜ್ಯೋತ್ಸವದ ಸಂಭ್ರಮ ನಡೆದಿದ್ದ ಆ ದಿನ ರಾಮನಗರ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಒಂದು ವಿಚಿತ್ರ ಪ್ರಸಂಗ ಜರುಗಿತು. ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ಎಲ್. ಚಂದ್ರಶೇಖರ್ ಅವರು ಕಣದಿಂದ ಹಿಂದೆ ಸರಿದು, ಕೆಲವೇ ವಾರಗಳ ಹಿಂದೆ ತಾವು ತೊರೆದು ಬಂದಿದ್ದ ಕಾಂಗ್ರೆಸ್ಸಿಗೆ ಮರಳಿದರು. ಮತದಾನ ಶನಿವಾರ. ನಾಮಪತ್ರ ಹಿಂತೆಗೆದುಕೊಳ್ಳುವ ಅವಧಿ ಎಂದೋ ಮುಗಿದಿದ್ದುದರಿಂದ ಅವರ ಹೆಸರೂ ಕಮಲದ ಚಿಹ್ನೆಯೂ ಯಂತ್ರದ ಮೇಲೆ ಹಾಗೆಯೇ ಉಳಿದುವು. ಶುಕ್ರವಾರ ಬೆಳಗಿನ ಪತ್ರಿಕೆಗಳಲ್ಲೆಲ್ಲ ಇದೇ ಸುದ್ದಿ, ದಪ್ಪ ಅಕ್ಷರಗಳಲ್ಲಿ.

ಫಲಿತಾಂಶವೇನೋ ನಿರೀಕ್ಷಿತವೇ. ಶ್ರೀಮತಿ ಅನಿತಾ ಕುಮಾರಸ್ವಾಮಿಯವರು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಆದರೆ ಕಣದಲ್ಲೇ ಇಲ್ಲದ ಆ ಅಭ್ಯರ್ಥಿಗೆ 15 ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದುವು! ಪತ್ರಿಕೆಗಳ ರಾಜಕೀಯ ವರದಿ ಜನರ ಮತವನ್ನು ಹೇಗೆ ತಿದ್ದುತ್ತದೆಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಸಂಖ್ಯೆ.

ಸುದ್ದಿ ಅವರನ್ನು ಮುಟ್ಟಲಿಲ್ಲವೆ? ಕೆಲವರನ್ನು ಮುಟ್ಟದೆ ಇದ್ದಿರಬಹುದು. ಆದರೆ ನನ್ನ ಬಂಧುವರ್ಗದ ಒಬ್ಬ ವೃದ್ಧೆಗೆ ಅದು ಚೆನ್ನಾಗಿಯೇ ಮುಟ್ಟಿತ್ತು. ಮೊಮ್ಮಗ ಪತ್ರಿಕೆಯನ್ನು ಓದಿ ಹೇಳಿದ್ದ. ಆದರೂ ಆಕೆ ಅದೇ ಗುಂಡಿಯನ್ನೇ ಒತ್ತಿ ಬಂದಿದ್ದರು. ಕಾರಣ ಕೇಳಿದಾಗ, "ಅವನು ಓಡಿಹೋದರೆ ನನ್ನ ಓಟೂ ಅವನ ಹಿಂದೆ ಓಡಬೇಕೇನಪ್ಪ?" ಎಂದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಮರುಮಾತು ಹೊಳೆಯಲಿಲ್ಲ.

ಪತ್ರಿಕೆ ಓದಿಯೇ ಜನ ಮತದ ನಿರ್ಧಾರ ಮಾಡುತ್ತಾರೆಂಬುದು ಅಕ್ಷರಸ್ಥರಾದ ನಮ್ಮ ಅಹಂಕಾರದ ಒಂದು ಭಾಗವೆಂದೇ ನನ್ನ ಭಾವನೆ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕಾಲದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಒಹಾಯೋ ಪ್ರಾಂತದ ಒಂದು ಜಿಲ್ಲೆಯ ಮತದಾರರನ್ನು ತಿಂಗಳುಗಟ್ಟಲೆ ಬೆನ್ನುಹತ್ತಿ ಪ್ರಶ್ನಿಸಿದರು. 1944ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಪತ್ರಿಕೆ, ರೇಡಿಯೋಗಳಿಂದ ಪಕ್ಷ ಬದಲಿಸಿದವರು ತೀರ ಕೆಲವರು. ಬಹುಮಂದಿಗೆ ಅವು ಮೊದಲೇ ಇದ್ದ ಒಲವನ್ನು ಗಟ್ಟಿಮಾಡಿದುವು, ಅಷ್ಟೆ. ಹೆಚ್ಚಿನ ಪ್ರಭಾವವಿದ್ದುದು ಓದಿಕೊಂಡು ನಾಲ್ಕು ಜನರ ನಡುವೆ ಮಾತಾಡುವ ವ್ಯಕ್ತಿಗಳದು.

ಇದನ್ನು ತಿಳಿಯಲು ಒಹಾಯೋವರೆಗೆ ಹೋಗಬೇಕಾಗಿಲ್ಲ. ನನ್ನ ಬಾಲ್ಯದಲ್ಲಿ ಮಾಗಡಿಯ ಒಂದು ಕಾಫಿ ಹೋಟೆಲಿಗೆ ದಿನಕ್ಕೊಂದೇ ಪತ್ರಿಕೆ ಬರುತ್ತಿತ್ತು. ಕನ್ನಡಕ ಹಾಕಿದ ಒಬ್ಬರು ಅದನ್ನು ಗಟ್ಟಿಯಾಗಿ ಓದುವರು. ಹತ್ತಾರು ಜನ ಕೇಳುವರು. ತಮಗೆ ಹಿಡಿಸದ ನಾಯಕನ ಭಾಷಣ ಬಂದರೆ ಅವರಿಗೆ ಕೆಮ್ಮು ಬರುತ್ತಿತ್ತು, ಪುಟ ಮಗುಚಿಕೊಳ್ಳುತ್ತಿತ್ತು. ಹಿಡಿಸುವ ಸುದ್ದಿಯಾದರೆ ಅಚ್ಚಾಗಿರದ ಎರಡು ವಾಕ್ಯಗಳೂ ಸೇರುತ್ತಿದ್ದುವು. ಬೆಂಗಳೂರಿನಲ್ಲಿ ಕುಳಿತ ಸಂಪಾದಕರ ಮೇಲೆ ಇವರು ಇನ್ನೊಬ್ಬ ಸಂಪಾದಕರು. ಮತ ಹಾಕುವ ಊರಿಗೆ ಇವರೇ ನಿಜವಾದ ಸಂಪಾದಕರು.

ಹಾಗಾದರೆ ಪತ್ರಿಕೆಗೆ ಶಕ್ತಿಯೇ ಇಲ್ಲವೆ? ಹಾಗೆನ್ನಲಾರೆ. 1983ರ ಜನವರಿಯ ಚುನಾವಣೆಯನ್ನು ನಾನು ಎಂ.ಎ. ವಿದ್ಯಾರ್ಥಿಯಾಗಿ ಕಂಡವನು. 1980ರ ನರಗುಂದ-ನವಲಗುಂದದ ರೈತರ ಮೇಲಿನ ಗೋಲೀಬಾರು, 1982ರ ಗೋಕಾಕ್ ಚಳವಳಿ, ಇವುಗಳ ಸುದ್ದಿ ಎರಡು-ಮೂರು ವರ್ಷ ಬಿಡದೆ ಹನಿಹನಿಯಾಗಿ ಮನೆಮನೆಗಿಳಿದಿತ್ತು. 1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆಯನ್ನು ಹಾಸ್ಟೆಲಿನಲ್ಲಿ ನಾವು ಸರದಿಯ ಮೇಲೆ ಓದುತ್ತಿದ್ದೆವು. ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಬಾರಿ ಅಧಿಕಾರ ಕಳೆದುಕೊಂಡಿತು. ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಉತ್ತರ ಕನ್ನಡದ ಸಿದ್ದಾಪುರದ ಕಡೆಯವರು, ಪಿ.ಜಿ.ಆರ್. ಸಿಂಧ್ಯಾ ಅವರು ತೆರವು ಮಾಡಿದ ಕನಕಪುರದಿಂದ ಅದೇ ವರ್ಷ ಆಯ್ಕೆಯಾದರು. ಆ ಸೀಮೆಯ ರೈತರಲ್ಲಿ ಅವರನ್ನು ಅದುವರೆಗೆ ಕಣ್ಣಾರೆ ಕಂಡಿದ್ದವರು ಎಷ್ಟು ಮಂದಿ? ಮುಖ್ಯಮಂತ್ರಿಯೆಂಬ ಪದವಿಯ ಬಲವಿತ್ತು, ನಿಜ. ಆದರೆ ಆ ಗಡ್ಡದ ಮುಖಕ್ಕೆ ಪರಿಚಯದ ಚೀಟಿ ಬರೆದುಕೊಟ್ಟದ್ದು ಪತ್ರಿಕೆಯೇ. ಚುನಾವಣೆಯ ವಾರದ ವರದಿಗಿಂತ, ಚುನಾವಣೆಯ ನೆನಪೇ ಇಲ್ಲದ ತಿಂಗಳುಗಳ ವರದಿ ಹೆಚ್ಚು ಕೆಲಸ ಮಾಡುತ್ತದೆಂದು ನಾನು ತಿಳಿದದ್ದು ಆಗ.

ತಿಳಿದೂ ಮರೆತೆ. 2004ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ದೇವೇಗೌಡರ ಎದುರು ಕಾಂಗ್ರೆಸ್ಸಿನಿಂದ ನಿಂತವರು ತೇಜಸ್ವಿನಿ ಗೌಡ, ಪತ್ರಿಕಾವೃತ್ತಿಯಿಂದ ಬಂದ ಹೆಣ್ಣುಮಗಳು. ಎರಡೇ ವರ್ಷದ ಹಿಂದಿನ ಉಪಚುನಾವಣೆಯಲ್ಲಿ ಗೌಡರು ಅಲ್ಲಿಯೇ ಗೆದ್ದಿದ್ದರು. ಮೂರು ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಗುರುತುಹಾಕಿ ಓದಿ, ಅಧ್ಯಾಪಕರ ಕೊಠಡಿಯಲ್ಲಿ ನಾನು ಗೌಡರ ಗೆಲವನ್ನು ಘೋಷಿಸಿದೆ. ಗೆದ್ದವರು ತೇಜಸ್ವಿನಿ. ಜವಾನನೊಬ್ಬ ನನಗೆ ಮೊದಲೇ ಹೇಳಿದ್ದ. ಅವನು ಪತ್ರಿಕೆ ಓದುತ್ತಿರಲಿಲ್ಲ.

ನನ್ನನ್ನು ದಾರಿ ತಪ್ಪಿಸಿದ್ದು ಯಾವುದೆಂದು ಆಮೇಲೆ ಯೋಚಿಸಿದೆ. ಅದು ಆ ಪುಟ್ಟ ಚೌಕದೊಳಗಿನ ಕೋಷ್ಟಕ. ಇಂಥ ಜಾತಿಯ ಮತಗಳು ಇಷ್ಟು ಸಾವಿರ, ಇಂಥವು ಇಷ್ಟು. ಪ್ರತಿ ಚುನಾವಣೆಯಲ್ಲೂ ನಮ್ಮ ತಾಲ್ಲೂಕುಗಳ ಹಣೆಗೆ ಈ ಲೆಕ್ಕವನ್ನು ಅಂಟಿಸುತ್ತಾರೆ. ಆಧಾರವೇನು? ಬ್ರಿಟಿಷರ ಕಾಲದ 1931ರ ಗಣತಿಯ ತರುವಾಯ, 2011ರವರೆಗಿನ ಯಾವ ಜನಗಣತಿಯೂ ಪರಿಶಿಷ್ಟ ಜಾತಿ, ಪಂಗಡಗಳ ಹೊರತು ಉಳಿದ ಜಾತಿಗಳ ಅಂಕಿಗಳನ್ನು ಪ್ರಕಟಿಸಿಲ್ಲ. ಮತದಾರರ ಪಟ್ಟಿಯಲ್ಲಿ ಜಾತಿಯ ಕಲಮೇ ಇಲ್ಲ. ಆದರೂ ಸೊನ್ನೆಗಳ ಸಮೇತ ಅಂಕಿ ಅಚ್ಚಾಗುತ್ತದೆ. ಪಕ್ಷದವರು ಹೇಳಿದ್ದನ್ನು ವರದಿಗಾರ ಬರೆದುಕೊಳ್ಳುತ್ತಾನೆ, ವರದಿಗಾರ ಬರೆದದ್ದನ್ನು ನೋಡಿ ಪಕ್ಷದವರು ಟಿಕೆಟ್ಟು ಕೊಡುತ್ತಾರೆ. ಅದನ್ನು ಓದುವ ಯುವಕ, ತಾನು ರೇಷ್ಮೆ ಬೆಳೆಗಾರ, ಸಾಲಗಾರ ಎಂಬುದನ್ನು ಕ್ಷಣಕಾಲ ಮರೆತು, ಆ ಕೋಷ್ಟಕದ ಯಾವ ಸಾಲಿನಲ್ಲಿ ತಾನಿದ್ದೇನೆಂದು ಹುಡುಕುತ್ತಾನೆ. ಹಣಕ್ಕೆ ಅಚ್ಚಾಗುವ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವಿಚಾರಣೆ ನಡೆಸಿತು; ಅದು ಅಗತ್ಯವೇ. ಹಣವಿಲ್ಲದೆ, ಅಭ್ಯಾಸಬಲದಿಂದ ಅಚ್ಚಾಗುವ ಈ ಚೌಕದ ಬಗ್ಗೆ ನನಗೆ ಅದಕ್ಕಿಂತ ಹೆಚ್ಚಿನ ಭಯ.

2024ರ ನವೆಂಬರ್ 13ರ ಚನ್ನಪಟ್ಟಣದ ಉಪಚುನಾವಣೆಯಲ್ಲೂ ಚೌಕ ತಪ್ಪಲಿಲ್ಲ. ಸಿ.ಪಿ. ಯೋಗೇಶ್ವರ್ ಬಿ.ಜೆ.ಪಿ.ಯನ್ನು ಬಿಟ್ಟು ಕಾಂಗ್ರೆಸ್ಸಿಗೆ ಬಂದದ್ದು, ನಿಖಿಲ್ ಕುಮಾರಸ್ವಾಮಿಯವರು ವೇದಿಕೆಯ ಮೇಲೆ ಕಣ್ಣೀರಿಟ್ಟದ್ದು, ಎರಡು ಮನೆತನಗಳ ಮಾತಿನ ಮಲ್ಲಯುದ್ಧ. ಯೋಗೇಶ್ವರ್ 25 ಸಾವಿರದಷ್ಟು ಮತಗಳಿಂದ ಗೆದ್ದರು. ಆಲೆಮರದ ಬೊಂಬೆ ಕಡೆಯುವವರ ಅಂದಿನ ಕೂಲಿ ಎಷ್ಟೆಂದು ನಾನು ಓದಿದ ಪುಟಗಳಲ್ಲಿ ಹುಡುಕಿ ಸೋತೆ.

ಆ ದಿನಗಳಲ್ಲೇ ಒಂದು ಬೆಳಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಯ ಬಳಿ ನಡುವಯಸ್ಸಿನ ರೈತನೊಬ್ಬ ಪತ್ರಿಕೆ ಕೊಂಡು, ಮೊದಲ ಪುಟವನ್ನು ನೋಡದೆಯೆ ಒಳಗಿನ ಧಾರಣೆಯ ಅಂಕಣಕ್ಕೆ ಹೋದ. ನೋಡಿ, ಮಡಿಸಿ, ಕಂಕುಳಲ್ಲಿ ಇರುಕಿಕೊಂಡ. ಚುನಾವಣೆಯ ಸುದ್ದಿ ಬೇಡವೆ ಎಂದೆ.

"ಬೇಕು ಸ್ವಾಮಿ, ಸಂಜೆ ಹುಡುಗ ಓದ್ತಾನೆ. ಆಮೇಲೆ ಹುಳಿನ ತಟ್ಟೆಗೆ ಹಾಸ್ತೀವಿ" ಎಂದು ನಕ್ಕು, ಬಸ್ಸಿನ ಕಡೆಗೆ ಹೊರಟ.