ತುಂಬಿದ ಅಂಚೆಪೆಟ್ಟಿಗೆ, ಮರಳಿಹೋದ ಪತ್ರ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮಳೆ ಹಾಗೂ ಕೆರೆಗಳ ದಾಖಲೆ ಇಡುತ್ತಿರುವ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೆರೆಯ ಹೂಳಿನ ಬಗ್ಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬ ಗಣಕಯಂತ್ರದ ಅಂಚೆಪೆಟ್ಟಿಗೆಯ ಹೂಳಿನ ಬಗ್ಗೆ ಮಾತನಾಡಲು ನಿಂತಿದ್ದಾನೆ ಎಂದು ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು. ಮೊದಲು ಅದನ್ನು ಹೇಳಿಬಿಡುತ್ತೇನೆ.

2020ರ ಮಾರ್ಚ್ 23ರಂದು ಕೇಂದ್ರದ ಪರಿಸರ ಮಂತ್ರಾಲಯವು ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡು ಅಧಿಸೂಚನೆಯನ್ನು ಹೊರಡಿಸಿತು. ಅದಾದ ಒಂದೆರಡು ದಿನಗಳಲ್ಲಿಯೇ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದೇ ವರ್ಷದ ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವು ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ಆದೇಶಿಸಿ, ಆಕ್ಷೇಪಣೆ ಸಲ್ಲಿಸುವ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಸಭೆ ಸೇರುವಂತಿಲ್ಲ, ಬಸ್ಸು ನೆಚ್ಚುವಂತಿಲ್ಲ. ಹಳ್ಳಿಯವರ ಮಾತು ದೆಹಲಿಗೆ ಮುಟ್ಟಲು ಮಿಂಚಂಚೆಯೇ ಹತ್ತಿರದ ದಾರಿಯಾಗಿತ್ತು.

ಅರಕಲಗೂಡು ತಾಲ್ಲೂಕಿನ ಒಂದು ಊರಿನವರು ತಮ್ಮ ಕೆರೆಯ ಮೇಲ್ಭಾಗದ ಕಲ್ಲು ಕ್ವಾರಿಯನ್ನು ಉದಾಹರಣೆಯಾಗಿ ಕೊಟ್ಟು ಒಂದು ಆಕ್ಷೇಪಣಾ ಪತ್ರವನ್ನು ಸಿದ್ಧಪಡಿಸಿದರು. ಅದನ್ನು ಕಳುಹಿಸುವ ಮುನ್ನ ತಿದ್ದಿಕೊಡಿ ಎಂದು ಹದಿನಾಲ್ಕು ಛಾಯಾಚಿತ್ರಗಳ ಸಹಿತ ನನಗೆ ರವಾನಿಸಿದರು. ನನಗೆ ಏನೂ ಬರಲಿಲ್ಲ. ಅವರು ಮರೆತರೆಂದು ನಾನು ಸುಮ್ಮನಿದ್ದೆ. ಆಗಸ್ಟ್ ಮೂರನೆಯ ವಾರ ಶುಂಠಿಯ ಕೊಳೆರೋಗ ನೋಡಲು ಆ ಊರಿಗೆ ಹೋದಾಗ ಪತ್ರ ಬರೆದ ಯುವಕ ಸಂತೋಷದಿಂದ ಹೇಳಿದ: “ಸಾರ್, ನಿಮ್ಮ ಉತ್ತರ ಆವತ್ತೇ ಬಂತು. ಇಂಗ್ಲಿಷಿನಲ್ಲಿತ್ತು. ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿದ್ದೀವಿ.”

ಫೈಲು ತರಿಸಿ ನೋಡಿದೆ. ಅದು ನನ್ನ ಉತ್ತರವಾಗಿರಲಿಲ್ಲ. ‘ನೀವು ಪತ್ರ ಕಳುಹಿಸಿದ ವ್ಯಕ್ತಿಯ ಅಂಚೆಪೆಟ್ಟಿಗೆ ತುಂಬಿದೆ, ಪತ್ರವನ್ನು ತಲುಪಿಸಲಾಗಲಿಲ್ಲ’ ಎಂದು ಯಂತ್ರವೇ ಬರೆದು ಹಿಂದಿರುಗಿಸಿದ ಸೂಚನೆ ಅದು. ನನ್ನ ಒಪ್ಪಿಗೆ ಸಿಕ್ಕಿತೆಂದು ಭಾವಿಸಿ ಅವರು ಪತ್ರವನ್ನು ಹಾಗೆಯೇ ದೆಹಲಿಗೆ ಕಳುಹಿಸಿದ್ದರು. ಕೆರೆಯ ಸರ್ವೆ ನಂಬರಿನಲ್ಲಿ ಎರಡು ಅಂಕಿಗಳು ಅದಲುಬದಲಾಗಿದ್ದವು. ಪಹಣಿ ನೋಡಿದ್ದರೆ ನಾನು ಐದು ನಿಮಿಷದಲ್ಲಿ ಹಿಡಿಯಬಹುದಾಗಿದ್ದ ತಪ್ಪು. ಆ ಸಂಖ್ಯೆಯಲ್ಲಿ ಇದ್ದದ್ದು ಯಾರದೋ ರಾಗಿ ಹೊಲ. ಗಡುವು ಮುಗಿದು ವಾರ ಕಳೆದಿತ್ತು. ಆ ಯುವಕನ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಹಾಗಾದರೆ ನನ್ನ ಪೆಟ್ಟಿಗೆಯಲ್ಲಿ ತುಂಬಿದ್ದಾದರೂ ಏನು? ಮನೆಗೆ ಬಂದು ಲೆಕ್ಕ ಹಾಕಿದೆ. ಸಾವಿರಾರು ಪತ್ರಗಳಿದ್ದವು, ಆದರೆ ಪತ್ರಗಳು ತಿಂದಿದ್ದ ಜಾಗ ಅತ್ಯಲ್ಪ. ಉಳಿದುದೆಲ್ಲ ಲಗತ್ತುಗಳು: ಒಂದೇ ಎಲೆಯ ಮಚ್ಚೆಯನ್ನು ಇಪ್ಪತ್ತು ಕೋನಗಳಿಂದ ತೆಗೆದ ಚಿತ್ರಗಳು, ಮೂರು ಮೂರು ಬಾರಿ ಬಂದ ಅದೇ ವರದಿ, ಮದುವೆಯ ಕರೆಯೋಲೆಗಳು.

ಮಿತಿ ಎಂಬುದು ಹೊಸದೇನಲ್ಲ. 2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆಯು ಜಿಮೇಲ್ ಆರಂಭಿಸಿ ಒಂದು ಜಿಬಿ ಜಾಗ ಕೊಡುತ್ತೇವೆಂದಾಗ ಅನೇಕರು ಅದನ್ನು ಏಪ್ರಿಲ್ ಫೂಲ್ ಎಂದುಕೊಂಡರು. ಏಕೆಂದರೆ ಆಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದುದು ಎರಡು ಎಂಬಿ, ಯಾಹೂ ಕೊಡುತ್ತಿದ್ದುದು ನಾಲ್ಕು ಎಂಬಿ. (ಹಾಟ್‌ಮೇಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಶಾಲೆ ಓದಿದವರು.) 2013ರಲ್ಲಿ ಜಿಮೇಲ್, ಡ್ರೈವ್ ಮತ್ತು ಚಿತ್ರಗಳ ಜಾಗವನ್ನು ಒಟ್ಟುಗೂಡಿಸಿ 15 ಜಿಬಿ ಎಂದು ನಿಗದಿ ಮಾಡಿದರು. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಏರಿಸುವ ಎಲ್ಲ ಚಿತ್ರಗಳೂ ಈ ಲೆಕ್ಕಕ್ಕೆ ಸೇರಿದವು. 2024ರಲ್ಲಿ ವಾಟ್ಸಾಪಿನ ಮೀಸಲು ಪ್ರತಿಯೂ ಸೇರಿತು. ಆದ್ದರಿಂದ, ‘ನನಗೆ ಪತ್ರಗಳೇ ಬರುವುದಿಲ್ಲ, ಪೆಟ್ಟಿಗೆ ಹೇಗೆ ತುಂಬಿತು?’ ಎಂದು ಕೇಳುವ ವಿದ್ಯಾರ್ಥಿಗಳು ತಮ್ಮ ಮೊಬೈಲಿನ ಕಡೆ ನೋಡಬೇಕು. ಕೆರೆಗೆ ಹೂಳು ಬರುವುದು ಕೆರೆಯೊಳಗಿನಿಂದಲ್ಲ, ಮೇಲಿನ ಜಲಾನಯನದಿಂದ.

ಇಲ್ಲಿ ಕನ್ನಡಿಗರಿಗೇ ವಿಶೇಷವಾದ ಒಂದು ಸಂಗತಿ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯೂನಿಕೋಡ್ ಪದ್ಧತಿಯಲ್ಲಿ, ಸಾಮಾನ್ಯವಾಗಿ ಬಳಸುವ ಯುಟಿಎಫ್-8 ರೂಪದಲ್ಲಿ, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು. ‘ಕೆರೆ’ ಎಂಬ ಪದದಲ್ಲಿ ಕಕಾರ, ರಕಾರ ಹಾಗೂ ಎರಡು ಎತ್ವಗಳು, ಒಟ್ಟು ನಾಲ್ಕು ಸಂಕೇತ, ಹನ್ನೆರಡು ಬೈಟ್. ಹಾಗಾದರೆ ಕನ್ನಡವೇ ಭಾರವೆನ್ನೋಣವೇ? ಇಲ್ಲ. ಎರಡು ಸಾವಿರ ಸಂಕೇತಗಳಿರುವ ಒಂದು ಪುಟದ ಪತ್ರಕ್ಕೆ ಸುಮಾರು ಆರು ಕೆಬಿ ಆದೀತು, ಅಷ್ಟೇ. ಅದೇ ಪತ್ರವನ್ನು ಕಾಗದದ ಮೇಲೆ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದರೆ ಮೂರು ಎಂಬಿ. ಮಿಂಚಂಚೆಯು ಮೂಲತಃ ಅಕ್ಷರಗಳಿಗಾಗಿ ಹುಟ್ಟಿದ ವ್ಯವಸ್ಥೆಯಾದ್ದರಿಂದ ಚಿತ್ರವನ್ನು ಅಕ್ಷರರೂಪಕ್ಕೆ ಬದಲಿಸಿಯೇ ಸಾಗಿಸುತ್ತದೆ. ಆ ಬದಲಾವಣೆಯಲ್ಲಿ ಗಾತ್ರ ಮೂರನೆಯ ಒಂದರಷ್ಟು ಹಿಗ್ಗಿ, ಮೂರು ಎಂಬಿ ನಾಲ್ಕಾಗುತ್ತದೆ. ಆ ಜಾಗದಲ್ಲಿ ಟೈಪ್ ಮಾಡಿದ ಆರುನೂರಕ್ಕೂ ಹೆಚ್ಚು ಪುಟಗಳು ಹಿಡಿಸುತ್ತವೆ.

ನಾವು ಕನ್ನಡವನ್ನು ಚಿತ್ರವಾಗಿ ಕಳುಹಿಸುವ ಅಭ್ಯಾಸ ಸೋಮಾರಿತನದಿಂದ ಬಂದದ್ದಲ್ಲ. ಹಿಂದೆ ನುಡಿಯಲ್ಲಿಯೋ ಬರಹದಲ್ಲಿಯೋ ಅವುಗಳದೇ ಅಕ್ಷರವಿನ್ಯಾಸ ಬಳಸಿ ಟೈಪ್ ಮಾಡಿದ ಪತ್ರವು, ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಅದಕ್ಕೆ ಹೆದರಿ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿಸಿ ಕಳುಹಿಸುತ್ತಿದ್ದೆವು. ಯೂನಿಕೋಡ್ ಬಂದ ಮೇಲೆ ಆ ಭಯಕ್ಕೆ ಕಾರಣವಿಲ್ಲ, ಆದರೆ ಅಭ್ಯಾಸ ಉಳಿದುಕೊಂಡಿದೆ. ನಿಮ್ಮ ಮಳೆಮಾಪನದ ವಿವರಗಳನ್ನು ದಯವಿಟ್ಟು ಟೈಪ್ ಮಾಡಿ ಕಳುಹಿಸಿ. ಒಂದು ತಿಂಗಳ ಮಳೆ ಮೂವತ್ತೊಂದು ಸಂಖ್ಯೆಗಳು ಮಾತ್ರ. ಮೂಲ ಪುಸ್ತಕದ ಪುಟವನ್ನು ಮನೆಯಲ್ಲಿ ಜೋಪಾನವಾಗಿಡಿ.

ಆದರೆ ಒತ್ತುವರಿಯ ಕಲ್ಲು, ಒಡೆದ ಏರಿ, ಸತ್ತ ಮೀನು ಇವುಗಳ ಚಿತ್ರಗಳು ಬೇರೆ ಮಾತು. ಅವು ಸಾಕ್ಷಿ. ಕಳುಹಿಸಲು ಚಿಕ್ಕದಾಗಿಸಿದ ಪ್ರತಿ ಸಾಕು. ಮೂಲಚಿತ್ರವನ್ನು ಮಾತ್ರ ಕುಗ್ಗಿಸಬಾರದು. ತೆಗೆದ ದಿನ, ಸಮಯ, ಕೆಲವೊಮ್ಮೆ ಸ್ಥಳದ ವಿವರ ಕೂಡ ಅದರೊಳಗೇ ಅಡಗಿರುತ್ತದೆ. ಕುಗ್ಗಿಸುವಾಗ ಅವು ಅಳಿಸಿಹೋಗಬಹುದು.

ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡರೆ ಆಯಿತಲ್ಲ ಎಂದು ನೀವು ಕೇಳಬಹುದು. ಇಲ್ಲಿ ನನ್ನ ಇನ್ನೊಂದು ತಪ್ಪಿನ ಕಥೆ. ಡಾಕ್ಟರೇಟ್ ಅಧ್ಯಯನದ ದಿನಗಳಲ್ಲಿ ನನಗೊಂದು ಸಂಸ್ಥೆ ಕೊಟ್ಟಿದ್ದ ಅಂಚೆಪೆಟ್ಟಿಗೆ ತೀರ ಕಿರಿದು, ವಾರಕ್ಕೊಮ್ಮೆ ತುಂಬುತ್ತಿತ್ತು. ಹಾಗಾಗಿ ಮನೆಯ ಗಣಕದಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಹಾಕಿ ಪತ್ರಗಳನ್ನು ಇಳಿಸಿಕೊಳ್ಳುತ್ತಿದ್ದೆ. ಪಾಪ್ ಎಂಬ ಆ ವಿಧಾನದಲ್ಲಿ, ಬೇರೆ ಆಯ್ಕೆ ಮಾಡದಿದ್ದರೆ, ಪತ್ರ ಮನೆಗೆ ಇಳಿದೊಡನೆ ದೂರದ ಪೆಟ್ಟಿಗೆಯಿಂದ ಮಾಯವಾಗುತ್ತದೆ. ಪೆಟ್ಟಿಗೆ ಸದಾ ಖಾಲಿ ಇರುತ್ತದೆಂದು ನನಗೆ ಹೆಮ್ಮೆ. ಹಾಸನದ ಸುತ್ತಲಿನ ಆಲೂಗೆಡ್ಡೆ ಬೆಳೆಗಾರರು ಅಂಗಮಾರಿ ರೋಗದ ಬಗ್ಗೆ ಮೂರು ಮುಂಗಾರು ಬರೆದು ಕಳುಹಿಸಿದ ಟಿಪ್ಪಣಿಗಳು ಅದರಲ್ಲಿದ್ದವು. ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಯನ್ನು ಎಂದು ನೆಟ್ಟರು, ಎಷ್ಟು ದಿನ ಮೋಡ ಕವಿದಿತ್ತು, ಮೊದಲ ಮಚ್ಚೆ ಎಂದು ಕಂಡಿತು ಎಂಬ ವಿವರಗಳು. 2009ರ ಮೇ ತಿಂಗಳ ಒಂದು ಸಂಜೆ ಸಿಡಿಲು ದೂರವಾಣಿ ತಂತಿಯ ಮೂಲಕ ಮೋಡೆಮ್ಮಿಗೆ ಬಂತು, ಅಲ್ಲಿಂದ ಗಣಕಕ್ಕೆ. ಮನೆಯಲ್ಲೂ ಇಲ್ಲ, ದೂರದ ಪೆಟ್ಟಿಗೆಯಲ್ಲೂ ಇಲ್ಲ.

ಹೊಳೆನರಸೀಪುರ ಕಡೆಯ ಹಿರಿಯ ರೈತರೊಬ್ಬರು ತಮ್ಮ ಟಿಪ್ಪಣಿಯನ್ನು ಮಗನ ಹಳೆಯ ನೋಟ್‌ಪುಸ್ತಕದ ಹಿಂಭಾಗದಲ್ಲಿಯೂ ಬರೆದಿಟ್ಟಿದ್ದರು. ಮಗನ ಕೈಯಲ್ಲಿ ಅದನ್ನು ಟೈಪ್ ಮಾಡಿಸಿ ಕಳುಹಿಸುತ್ತಿದ್ದರಂತೆ. ಅದೊಂದು ಉಳಿಯಿತು. ಉಳಿದ ಊರುಗಳದ್ದು ಹೋಯಿತು. ನಮ್ಮ ಭಾಗದಲ್ಲಿ ಆಲೂಗೆಡ್ಡೆಯ ವಿಸ್ತೀರ್ಣ ಇಷ್ಟೊಂದು ಕುಸಿದಿರುವ ಇಂದು, ಆ ವರ್ಷಗಳ ವಿವರ ಕೈಯಲ್ಲಿದ್ದಿದ್ದರೆ ಎಂದು ಅನೇಕ ಬಾರಿ ಅನ್ನಿಸುತ್ತದೆ.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಐಮ್ಯಾಪ್ ವಿಧಾನದ ಅಪಾಯ ಇದಕ್ಕೆ ವಿರುದ್ಧವಾದುದು. ಮನೆಯ ಗಣಕದಲ್ಲಿ ಕಾಣುವುದು ದೂರದ ಪೆಟ್ಟಿಗೆಯ ಪ್ರತಿಬಿಂಬ ಮಾತ್ರ. ‘ಅಲ್ಲಿ ಇದೆಯಲ್ಲ’ ಎಂದು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಜಾಗ ಮಾಡಬೇಕಾದರೆ ಪತ್ರಗಳನ್ನು ಗಣಕದೊಳಗಿನ ಪ್ರತ್ಯೇಕ ಕಡತಕೋಶಕ್ಕೆ ನಕಲು ಮಾಡಬೇಕು. ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಸ್ಥಳೀಯ ಕೋಶಗಳೆಂಬ ವ್ಯವಸ್ಥೆ ಇದೆ. ಗೂಗಲ್‌ನ ಟೇಕ್‌ಔಟ್ ಸೌಲಭ್ಯದಿಂದ ಇಡೀ ಪೆಟ್ಟಿಗೆಯನ್ನೇ ಒಂದು ಕಡತವಾಗಿ ಇಳಿಸಿಕೊಳ್ಳಬಹುದು. ನಕಲಾದ ಮೇಲೆ ಅಂತರಜಾಲದ ಸಂಪರ್ಕ ತೆಗೆದು, ನಾಲ್ಕಾರು ಪತ್ರಗಳನ್ನು ಲಗತ್ತಿನ ಸಹಿತ ತೆರೆದು ನೋಡಿ. ತೆರೆದವೆಂದರೆ ಮಾತ್ರ ಅಳಿಸಿ. ಅಳಿಸುವಾಗ ಸಾವಿರ ಸಣ್ಣ ಪತ್ರಗಳ ಹಿಂದೆ ಬೀಳಬೇಡಿ. ಹತ್ತು ಎಂಬಿಗಿಂತ ದೊಡ್ಡವನ್ನು ಹುಡುಕಿ ತೆಗೆದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕಳುಹಿಸಿದ ಪತ್ರಗಳ ಕೋಶವನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಜಿಮೇಲಿನಲ್ಲಿ ಅಳಿಸಿದ್ದು ಮೂವತ್ತು ದಿನ ಕಸದ ಬುಟ್ಟಿಯಲ್ಲಿಯೇ ಇದ್ದು ಜಾಗ ತಿನ್ನುತ್ತಿರುತ್ತದೆ, ಬುಟ್ಟಿ ಖಾಲಿ ಮಾಡಿದ ಮೇಲೆಯೇ ಜಾಗ ಬಿಡುಗಡೆ.

ಚನ್ನರಾಯಪಟ್ಟಣದ ಕಡೆಯ ಹಿರಿಯರಿಗೆ ಹಗೇವು ಗೊತ್ತಿರುತ್ತದೆ. ರಾಗಿಯನ್ನು ಯಾರೂ ಜಗಲಿಯ ಮೇಲೆ ಬಿಟ್ಟು ಮಲಗುತ್ತಿರಲಿಲ್ಲ. ಅಂಚೆಪೆಟ್ಟಿಗೆ ಜಗಲಿ, ಬಂದವರು ಕೂತು ಹೋಗುವ ಜಾಗ. ಹಗೇವು ಬೇರೆಯೇ ಇರಬೇಕು, ನನ್ನ ಅನುಭವದ ಪ್ರಕಾರ ಎರಡು ಇರಬೇಕು. ಒಂದು ನಿಮ್ಮ ಮನೆಯ ಹೊರಗಟ್ಟುವ ಹಾರ್ಡ್‌ಡಿಸ್ಕ್, ಬಳಸದಿದ್ದಾಗ ತಂತಿ ಕಳಚಿಟ್ಟದ್ದು. ಇನ್ನೊಂದು ಬೇರೆ ಊರಿನ ಗೆಳೆಯರ ಮನೆಯಲ್ಲಿ. ಒಂದೇ ಸಿಡಿಲು ಅರಕಲಗೂಡಿನಲ್ಲಿಯೂ ಹಾಸನದಲ್ಲಿಯೂ ಬೀಳುವುದಿಲ್ಲ. ಪೆನ್‌ಡ್ರೈವನ್ನು ಬಹುಕಾಲದ ಸಂಗ್ರಹಕ್ಕೆ ನಾನು ನಂಬುವುದಿಲ್ಲ.

ಹಳೆಯ ಮಿಂಚಂಚೆ ಅಳಿಸಿದರೆ ನೀರು ಉಳಿಯುತ್ತದೆಯೇ ಎಂದು ವಿದ್ಯಾರ್ಥಿನಿಯೊಬ್ಬಳು ಚೀಟಿ ಕಳುಹಿಸಿದ್ದಾಳೆ. 2025ರ ಆಗಸ್ಟ್‌ನಲ್ಲಿ ಬರದಿಂದ ಬಳಲಿದ ಇಂಗ್ಲೆಂಡಿನ ಸರ್ಕಾರ ಜನರಿಗೆ ಇಂತಹುದೇ ಸಲಹೆ ಕೊಟ್ಟು ನಗೆಪಾಟಲಿಗೆ ಗುರಿಯಾಯಿತು. ದತ್ತಾಂಶ ಕೇಂದ್ರಗಳು ತಂಪಾಗಲು ನೀರು ಬಳಸುವುದು ನಿಜ. ಆದರೆ ನಮ್ಮ ನಿಮ್ಮ ಹಳೆಯ ಪತ್ರಗಳು ಅದರಲ್ಲಿ ಲೆಕ್ಕಕ್ಕೇ ಬರಲಾರವು. ಹೇಮಾವತಿಯ ನೀರಿನ ಮಾತನ್ನು ಗೊರೂರಿನ ಜಲಾಶಯ, ನಾಲೆ ಮತ್ತು ಗದ್ದೆಯಲ್ಲಿಯೇ ಆಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಎರಡು ವರ್ಷ ಬಳಸದ ಗೂಗಲ್ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸಲಾಗುತ್ತಿದೆ. ಕಾಲೇಜು ಮುಗಿಸಿ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಊರಿನ ಕೆರೆಯ ಚಿತ್ರಗಳಿರುವ ಖಾತೆಯನ್ನು ಮರೆತರೆ ಅದೂ ಹೋಗುತ್ತದೆ. ಹೋಗುವ ಮುನ್ನ ನಕಲನ್ನು ಊರಿನಲ್ಲಿ ಕೊಟ್ಟು ಹೋಗಿ.

ನನ್ನ ಪೆಟ್ಟಿಗೆಯಲ್ಲಿ ಈಗ ಮೂರನೆಯ ಎರಡರಷ್ಟು ಜಾಗ ಖಾಲಿ ಇದೆ. ಈ ತಿಂಗಳ ಮಳೆಯ ವಿವರ ಕಳುಹಿಸಿ. ತಲುಪಿದ ಎರಡು ದಿನದೊಳಗೆ ಕನ್ನಡದಲ್ಲಿಯೇ ಉತ್ತರ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಉತ್ತರ ಬಂದರೆ ಅದನ್ನು ಫೈಲಿಗೆ ಹಾಕಬೇಡಿ, ನನಗೆ ದೂರವಾಣಿ ಮಾಡಿ.