ಪರಿಚಿತ ಮುಖ, ಅಪರಿಚಿತ ಭಾವ



ಬಹುಕಾಲ ಒಟ್ಟಿಗೆ ಬಾಳಿದ ಪತಿಯನ್ನು ದಿಟ್ಟಿಸಿ ಪತ್ನಿಯು, ‘ಮುಖವೇನೋ ಅವರದೇ, ಆದರೆ ಇವರು ಅವರಲ್ಲ’ ಎಂದರೆ ಮನೆಯವರು ದಿಗ್ಭ್ರಾಂತರಾಗುವುದು ಸಹಜ. ಮಾಟ, ಗಾಳಿಸೋಂಕು ಎಂದು ಶಂಕಿಸುವವರುಂಟು. ಪ್ರೀತಿಯೇ ಬತ್ತಿತೆಂದು ಕೊರಗುವವರೂ ಉಂಟು. ಆದರೆ ಇದು ಮಿದುಳಿಗೆ ಸಂಬಂಧಿಸಿದ ಒಂದು ಭ್ರಾಂತಿ.

1923ರಲ್ಲಿ ಫ್ರಾನ್ಸಿನ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ ಹಾಗೂ ಅವರ ಸಹೋದ್ಯೋಗಿ ರೆಬೂಲ್-ಲಾಶೋ ಅವರು ಇಂತಹ ಓರ್ವ ಮಹಿಳೆಯ ವೃತ್ತಾಂತವನ್ನು ಪ್ರಕಟಿಸಿದರು. ತನ್ನ ಪತಿ ಮತ್ತು ಮಕ್ಕಳ ಸ್ಥಾನದಲ್ಲಿ ಅವರನ್ನೇ ಹೋಲುವ ಬೇರೆಯವರು ಬಂದು ಸೇರಿದ್ದಾರೆಂದು ಆಕೆ ದೃಢವಾಗಿ ನಂಬಿದ್ದಳು. ಮುಂದೆ ಈ ಸ್ಥಿತಿಗೆ ಕಾಪ್‌ಗ್ರಾ ಭ್ರಾಂತಿ ಎಂಬ ಹೆಸರು ಬಂದಿತು.

ಒಬ್ಬರನ್ನು ಗುರುತಿಸುವುದು ನಮಗೆ ಒಂದೇ ಕ್ರಿಯೆಯೆಂದು ತೋರುತ್ತದೆ. ಮಿದುಳಿಗಾದರೋ ಅದು ಎರಡು ಕಾರ್ಯಗಳು. ಮಿದುಳಿನ ತಳಭಾಗದ ಒಂದು ಕ್ಷೇತ್ರವು ಮುಖಲಕ್ಷಣಗಳನ್ನು ಅರಿಯಲು ನೆರವಾಗುತ್ತದೆ. ಭಾವನೆಗಳಿಗೆ ಸಂಬಂಧಿಸಿದ ಬೇರೊಂದು ವ್ಯವಸ್ಥೆಯು ‘ಇವರು ನಮ್ಮವರು’ ಎಂಬ ಆಪ್ತಭಾವವನ್ನು ಉದ್ದೀಪಿಸುತ್ತದೆ. ಆಗ ಅಂಗೈಯಲ್ಲಿ ಅತಿಸೂಕ್ಷ್ಮವಾಗಿ ಬೆವರು ಮೂಡುವುದನ್ನು ಉಪಕರಣಗಳಿಂದ ಅಳೆಯಬಹುದು. ಕಾಪ್‌ಗ್ರಾ ಭ್ರಾಂತಿಯಲ್ಲಿ ಮೊದಲನೆಯದು ಉಳಿದು ಎರಡನೆಯದು ಕುಂದಿರಬೇಕೆಂದು ಬ್ರಿಟನ್ನಿನ ಎಲ್ಲಿಸ್ ಮತ್ತು ಯಂಗ್ 1990ರಲ್ಲಿ ಪ್ರತಿಪಾದಿಸಿದರು. ಪರಿಚಿತ ಮುಖವನ್ನು ಕಂಡಾಗಲೂ ಇಂತಹ ರೋಗಿಗಳ ಚರ್ಮದ ಪ್ರತಿಕ್ರಿಯೆಯು ಹೆಚ್ಚುವುದಿಲ್ಲವೆಂದು 1997ರ ಪ್ರಯೋಗಗಳು ತೋರಿಸಿದವು. ಅದೇ ವರ್ಷ ರಾಮಚಂದ್ರನ್ ಮತ್ತು ಹರ್ಸ್ಟೈನ್, ಅಪಘಾತದಲ್ಲಿ ತಲೆಗೆ ಪೆಟ್ಟಾದ ಒಬ್ಬ ಯುವಕನನ್ನು ಕುರಿತು ಬರೆದರು. ಎದುರಿಗಿದ್ದ ತಂದೆತಾಯಿಗಳನ್ನು ವೇಷಧಾರಿಗಳೆನ್ನುತ್ತಿದ್ದ ಆತ, ದೂರವಾಣಿಯಲ್ಲಿ ಅವರ ದನಿ ಕೇಳಿದಾಗ ಅವರೇ ಎಂದು ಒಪ್ಪುತ್ತಿದ್ದ!

ಆಪ್ತಭಾವ ಕುಂದಿದ ಮಾತ್ರಕ್ಕೆ ಭ್ರಾಂತಿ ಬೇರೂರದು. ಅಸಂಭವವಾದುದನ್ನು ತಳ್ಳಿಹಾಕುವ ವಿವೇಚನಾಶಕ್ತಿಯೂ ಕುಗ್ಗಿರಬೇಕೆಂಬುದು ಹಲವು ಸಂಶೋಧಕರ ಅಭಿಮತ. ಮಿದುಳಿನ ಬಲ ಮುಂಭಾಗದ ಹಾನಿಯನ್ನು ಅವರು ಇದಕ್ಕೆ ಕಾರಣವೆಂದು ಸೂಚಿಸುತ್ತಾರೆ.

ಸ್ಕಿಜೋಫ್ರೇನಿಯಾ, ಮರೆಗುಳಿತನ ಹಾಗೂ ಮಿದುಳಿನ ಗಾಯಗಳಲ್ಲಿ ಈ ಲಕ್ಷಣ ತೋರಬಹುದು. ಆದುದರಿಂದ ರೋಗಿಯನ್ನು ಗದರಿಸುವುದಾಗಲಿ, ವಾದಿಸಿ ಗೆಲ್ಲಲೆತ್ನಿಸುವುದಾಗಲಿ ಫಲ ನೀಡದು. ‘ವೇಷಧಾರಿ’ಯೆಂಬ ಭಯವು ಕೆಲವೊಮ್ಮೆ ಆಕ್ರಮಣಕ್ಕೂ ಎಡೆಮಾಡುವುದರಿಂದ ಮನೆಯವರು ಎಚ್ಚರದಿಂದಿದ್ದು, ವಿಳಂಬವಿಲ್ಲದೆ ಮನೋವೈದ್ಯರನ್ನು ಅಥವಾ ನರರೋಗತಜ್ಞರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ.

‘ನೀನು ನನ್ನವನಲ್ಲ’ ಎಂಬ ಮಾತು ಮನಸ್ಸನ್ನು ಇರಿಯುತ್ತದೆ, ನಿಜ. ಆದರೆ ಅದು ತಿರಸ್ಕಾರವಲ್ಲ, ರೋಗಲಕ್ಷಣ. ಇದನ್ನರಿತ ಕುಟುಂಬವೇ ರೋಗಿಗೆ ಮೊದಲ ಆಸರೆ.