ಗಾಳ ಹಿಡಿದು ಹೊರಡುವ ಮುನ್ನ



ಮೀನು ಹಿಡಿಯಲು ಹೋದವನ ಶವ ಮನೆಗೆ ಬಂದಾಗ ನಾವಾಡುವ ಮೊದಲ ಮಾತು 'ವಿಧಿ'. ಎರಡನೆಯದು 'ಸರಕಾರ'. ಎಚ್ಚರಿಕೆಯ ಫಲಕವನ್ನು ದಾಟಿ ಬಂಡೆಗಿಳಿದ ಕಾಲುಗಳು ಯಾರವೆಂದು ಮಾತ್ರ ನಾವು ಕೇಳುವುದಿಲ್ಲ.

ಕನಕಪುರ ತಾಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡ ಕಾವೇರಿ, ಅಲ್ಲಿಂದ ಕೆಳಗೆ ಮೇಕೆದಾಟುವಿನ ಇಕ್ಕಟ್ಟಾದ ಕಲ್ಲಿನ ಕಂದರದೊಳಕ್ಕೆ ನುಗ್ಗುತ್ತದೆ. ನೀರು ತಿಕ್ಕಿದ ಬಂಡೆ ನುಣುಪು. ಅದರ ಗುಳಿಗಳ ಆಳ ಮೇಲಿನಿಂದ ಕಾಣದು. ಇಲ್ಲಿ ಬಿಸಿಲಿದ್ದರೂ, ಕೊಡಗಿನಲ್ಲಿ ಸುರಿದ ಮಳೆಗೆ ಕೃಷ್ಣರಾಜಸಾಗರದ ಗೇಟುಗಳು ತೆರೆದರೆ, ಬೆಳಿಗ್ಗೆ ನಡೆದುಹೋದ ಬಂಡೆ ಸಂಜೆಗೆ ನಡುಗಡ್ಡೆಯಾದೀತು. ಹೊರಹರಿವಿನ ಲೆಕ್ಕ ಮಳೆಗಾಲದ ಪತ್ರಿಕೆಗಳಲ್ಲಿ ಬರುತ್ತದೆ. ಕ್ರಿಕೆಟಿನ ಪುಟ ಓದುವವರು ಅದನ್ನೂ ಓದಬಹುದಲ್ಲವೇ?

ಬೀಸುಬಲೆಯ ಹಗ್ಗವನ್ನು ಮಣಿಕಟ್ಟಿಗೆ ಬಿಗಿದುಕೊಳ್ಳುವ ಅಭ್ಯಾಸವಂತೂ ಅತ್ಯಂತ ಅಪಾಯಕಾರಿ. ಬಲೆ ಕಲ್ಲಿಗೆ ಸಿಕ್ಕು ಸೆಳೆತ ಹೆಚ್ಚಿದರೆ ಕೈ ಬಿಡಿಸಿಕೊಳ್ಳಲು ವ್ಯವಧಾನವಿರದು. ಒಂದೇ ಎಳೆತಕ್ಕೆ ಬಿಚ್ಚುವ ಕುಣಿಕೆ ಹಾಕಿಕೊಳ್ಳಿ. ಬಲೆ ಹೋದರೆ ಹೋಗಲಿ.

ನಿಂತ ನೀರೂ ನಂಬಿಕೆಗೆ ಅರ್ಹವಲ್ಲ. 2016ರ ನವೆಂಬರ್ 7ರಂದು ಮಾಗಡಿ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ 'ಮಾಸ್ತಿ ಗುಡಿ' ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿಹೋದರು. ಕಟ್ಟುಮಸ್ತಾದ ದೇಹಗಳವು. ಜೀವರಕ್ಷಕ ಜಾಕೆಟ್ ಇರಲಿಲ್ಲ.

ಚನ್ನಪಟ್ಟಣದ ಕಣ್ವ, ಮಾಗಡಿಯ ಮಂಚನಬೆಲೆ ಜಲಾಶಯಗಳಿಗೆ ಗೆಳೆಯರ ಗುಂಪಿನಲ್ಲಿ ಹೋಗುವ ಯುವಕರೇ, ಒಬ್ಬ ಮುಳುಗಿದಾಗ ಈಜು ಬಾರದ ಇನ್ನೊಬ್ಬ ಜಿಗಿಯುವುದು ಪ್ರೀತಿಯೇ ಸರಿ. ಆದರೆ ಆಗ ಜನಾಝಾ ಎರಡಾಗುತ್ತವೆ. ದಡದಲ್ಲೇ ನಿಂತು ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಿರಿ, ಬಿದಿರಿನ ಗಳುವನ್ನು ಚಾಚಿ.

ಹೆತ್ತವರೇ, ರಜೆಯ ದಿನ ಮಗ ಗಾಳ ಹಿಡಿದು ಹೊರಟರೆ ಎಲ್ಲಿಗೆ, ಯಾರೊಂದಿಗೆ ಎಂದು ಕೇಳಿ. ಹಗ್ಗ ಇಟ್ಟುಕೊಂಡೆಯಾ ಎಂದೂ ಕೇಳಿ.